ಎರಡನೆಯ ಕೊಡ

ಎರಡು ಕೊಡ ನೀರು ತರಬೇಕು. ತರುವಾಗ ಉಗುರು ತಾಕಬಾರದು. ಒಂದು ಕೊಡ ಮೈಮೇಲೆ ಸುರಿದರೆ ಹುಡುಗಿ ಹೂಬಿಟ್ಟ ಗಿಡವಾಗುತ್ತಾಳೆ. ಎಲೆ ಹರಿಯದಂತೆ, ಟೊಂಗೆ ಮುರಿಯದಂತೆ ಬೇಕಾದಷ್ಟು ಹೂ ಬಿಡಿಸಿಕೊಳ್ಳಬಹುದು. ಆಮೇಲೆ ಎರಡನೆಯ ಕೊಡ. ಅದನ್ನು ಸುರಿದರೆ ಗಿಡ ಮತ್ತೆ ಹುಡುಗಿಯಾಗಿ, ತಲೆಗೂದಲಿನ ನೀರು ಕೊಡವಿಕೊಂಡು ಎದ್ದು ನಿಲ್ಲುತ್ತಾಳೆ.

ಕನ್ನಡದ ಹೆಂಗಸರು ಅಡುಗೆಮನೆಯಲ್ಲಿ, ಹಿತ್ತಲಲ್ಲಿ ಹೇಳಿಕೊಂಡು ಬಂದ ಈ ಕತೆಯನ್ನು ಎ. ಕೆ. ರಾಮಾನುಜನ್ ಹಲವು ಪಾಠಗಳಲ್ಲಿ ಸಂಗ್ರಹಿಸಿ ಇಂಗ್ಲಿಷಿಗೆ ತಂದರು. 1950ರ ದಶಕದಲ್ಲಿ ಅವರು ಬೆಳಗಾವಿಯಲ್ಲಿ ಇಂಗ್ಲಿಷ್ ಮೇಷ್ಟರಾಗಿದ್ದರು; ಜನಪದ ಕತೆಗಳ ಗೀಳು ಅವರನ್ನು ಗಟ್ಟಿಯಾಗಿ ಹಿಡಿದದ್ದು ಆ ಕಾಲದಲ್ಲೇ. ಅವರು ತೀರಿಕೊಂಡ ನಾಲ್ಕು ವರ್ಷಕ್ಕೆ, 1997ರಲ್ಲಿ, ಕತೆಗಳ ಪುಸ್ತಕ ಬಂತು. 2006ರ ನವೆಂಬರಿನಲ್ಲಿ ಅದೇ ಕತೆ ವಿಯೆನ್ನಾದಲ್ಲಿ ಒಪೆರಾ ಆಗಿ ರಂಗವೇರಿತು. ಸಂಗೀತ ಅಮೆರಿಕದ ಜಾನ್ ಆಡಮ್ಸ್ ಅವರದು, ನಿರ್ದೇಶನ ಪೀಟರ್ ಸೆಲ್ಲರ್ಸ್ ಅವರದು. ಮೊಜಾರ್ಟ್ ಹುಟ್ಟಿ 250 ವರ್ಷವಾದ ನೆನಪಿನ ಉತ್ಸವವದು. ಮೊಜಾರ್ಟನ ಕಿನ್ನರಕತೆಯ ಒಪೆರಾ ‘ಮ್ಯಾಜಿಕ್ ಫ್ಲೂಟ್’ಗೆ ಜೋಡಿಯಾಗಿ ನಿಲ್ಲಬಲ್ಲ ಕತೆಯನ್ನು ಹುಡುಕಿದವರಿಗೆ ನಮ್ಮ ಅಜ್ಜಿಯರ ಕತೆ ಸಿಕ್ಕಿತು.

ಅಂದಿನಿಂದ ನನ್ನನ್ನು ಕಾಡುತ್ತಿರುವುದು ಒಂದೇ ಪ್ರಶ್ನೆ. ರಂಗದ ಮೇಲೆ ಆ ಗಿಡವನ್ನು ಹೇಗೆ ತೋರಿಸಬೇಕು? ತೋರಿಸಲೇಬೇಕೇ? ಮೇಲುನೋಟಕ್ಕೆ ಇದು ಸೆಟ್ಟು ಕಟ್ಟುವವರ, ಪ್ರೊಜೆಕ್ಟರ್ ಓಡಿಸುವವರ ತಾಂತ್ರಿಕ ತಲೆನೋವು. ಒಳಗಿಳಿದು ನೋಡಿದರೆ, ಚಿತ್ರಕ್ಕೂ ಮಾತಿಗೂ ಇರುವ ನಂಟಿನ ಪ್ರಶ್ನೆ.

ಈ ಪ್ರಶ್ನೆ ಎಲ್ಲ ಕತೆಗಳಿಗೂ ಏಳುವುದಿಲ್ಲ. ನಮ್ಮ ಮಲಪ್ರಭೆಯ ಸೀಮೆಯಲ್ಲಿ ಕತೆಗಳಿಗೆ ವಿಳಾಸವಿರುತ್ತದೆ. ರಾಮದುರ್ಗ ತಾಲೂಕಿನ ಸುರೇಬಾನದ ಹತ್ತಿರ ಶಬರಿಕೊಳ್ಳವಿದೆ. ಶಬರಿ ರಾಮನಿಗಾಗಿ ಕಾದದ್ದು ಇಲ್ಲೇ ಎಂದು ಕೈತೋರಿಸಿ ಹೇಳುತ್ತಾರೆ. ಸೊಗಲದ ಜಲಪಾತದ ಬಳಿ ಶಿವಪಾರ್ವತಿಯರ ಮದುವೆಯಾಯಿತೆನ್ನುತ್ತಾರೆ. ಸವದತ್ತಿಯ ರೇಣುಕೆ ದಿನಾ ಮರಳಿನಲ್ಲಿ ಕೊಡ ಮಾಡಿ, ಹಾವನ್ನು ಸಿಂಬಿ ಸುತ್ತಿ, ನೀರು ಹೊತ್ತದ್ದು ಇದೇ ಮಲಪ್ರಭೆಯಿಂದ. ಪುರಾಣದ ಮಾತು ಬಿಡಿ, ಪತ್ತಾರ ಮಾಸ್ತರರ ಹೆಸರಿನಲ್ಲಿ ನಿಂತಿರುವ ‘ಸಂಗ್ಯಾ ಬಾಳ್ಯಾ’ ಸಣ್ಣಾಟ ಬೈಲಹೊಂಗಲ ಸೀಮೆಯಲ್ಲಿ ನಡೆದ ಪ್ರೀತಿಯ, ಗೆಳೆತನದ ದ್ರೋಹದ, ಕೊಲೆಯ ಕತೆ. ಅದನ್ನಾಡಲು ಒಂದು ಅಟ್ಟ, ಹಿಮ್ಮೇಳ, ದೀಪ ಇದ್ದರೆ ಮುಗಿಯಿತು. ಬೈಲಹೊಂಗಲದ ಪೇಟೆಯನ್ನು ಪರದೆಯ ಮೇಲೆ ಬರೆದು ಬೈಲಹೊಂಗಲದವರಿಗೆ ತೋರಿಸುವ ಅಗತ್ಯ ಯಾರಿಗೂ ಕಾಣಲಿಲ್ಲ. ನೋಡುವವನು ಕುಳಿತಿರುವ ಊರೇ ಆ ಆಟದ ಸೆಟ್ಟು.

ಅಜ್ಜಿಕತೆಗೆ ಮಾತ್ರ ವಿಳಾಸವಿಲ್ಲ. ‘ಒಂದೂರಾಗ ಒಬ್ಬ ರಾಜ ಇದ್ದ’ ಎಂದು ಶುರುವಾಗುತ್ತದೆ. ಯಾವ ಊರು ಎಂದು ಮಗು ಕೇಳಿದರೆ, ಯಾವುದೋ ಒಂದು ಊರು ಎಂದು ಅಜ್ಜಿ ಮುಂದೆ ಹೋಗುತ್ತಾಳೆ. ರಾಮಾನುಜನ್ ಕೊಟ್ಟ ಪಾಠದಲ್ಲಿ ಆ ಹುಡುಗಿಗೆ ಹೆಸರು ಕೂಡ ಇಲ್ಲ. ಕುಮುದಾ ಎಂಬ ಹೆಸರನ್ನು ಇಟ್ಟುಕೊಂಡದ್ದು ಒಪೆರಾ.

ಈ ‘ಒಂದು’ ಎಂಬ ಪುಟ್ಟ ಪದ ಚಿತ್ರಕಾರನಿಗೆ ದೊಡ್ಡ ಗೋಡೆ. ‘ಒಂದು ಅರಮನೆ’ ಎಂದು ಬಾಯಿ ಹೇಳಬಲ್ಲುದು, ಕುಂಚ ಹೇಳಲಾರದು. ಕುಂಚ ಕಂಬವೆಳೆದ ಕೂಡಲೇ ಆ ಕಂಬ ದಪ್ಪವೋ ಸಣ್ಣವೋ ಆಗಿಬಿಡುತ್ತದೆ, ಕಲ್ಲಿನದೋ ಮರದ್ದೋ ಆಗಿಬಿಡುತ್ತದೆ. ಹತ್ತು ಮಕ್ಕಳು ಮನಸ್ಸಿನಲ್ಲಿ ಕಟ್ಟಿಕೊಂಡಿದ್ದ ಹತ್ತು ಅರಮನೆಗಳ ಮೇಲೆ ಆ ಒಂದು ಚಿತ್ರ ಬಂದು ಕೂರುತ್ತದೆ. ಕಿನ್ನರಕತೆಗೆ ರಂಗ ಕಟ್ಟುವವನ ಮೊದಲ ಸಂಕಟ ಇದು. ಪುರಾಣ ನಾಟಕದವನಿಗೆ ಇದು ಇಲ್ಲ, ಸಣ್ಣಾಟದವನಿಗಂತೂ ಇಲ್ಲವೇ ಇಲ್ಲ.

ಕಂಪನಿ ನಾಟಕದವರು ಈ ಸಂಕಟವನ್ನು ತಮಗೆ ಗೊತ್ತಿಲ್ಲದೆಯೇ ಬಿಡಿಸಿದ್ದರು ಎಂದು ನನಗೆ ಅನಿಸುತ್ತದೆ. ಸವದತ್ತಿ ತಾಲೂಕಿನ ಏಣಗಿಯಲ್ಲಿ 1914ರಲ್ಲಿ ಹುಟ್ಟಿ 2017ರವರೆಗೆ, ನೂರು ವರ್ಷ ದಾಟಿ ಬಾಳಿದ ಏಣಗಿ ಬಾಳಪ್ಪನವರು ಬೆಳೆದ ಲೋಕ ಅದು. ಕಂಪನಿಯ ಲಾರಿಯಲ್ಲಿ ಬರುತ್ತಿದ್ದ ಪರದೆಗಳು ಬೆರಳೆಣಿಕೆಯಷ್ಟು: ದರ್ಬಾರು, ಕಾಡು, ಉದ್ಯಾನ, ರಸ್ತೆ, ಮನೆ. ಇಂದು ಹರಿಶ್ಚಂದ್ರ ನಿಂತ ದರ್ಬಾರಿನಲ್ಲೇ ನಾಳೆ ಕಂಸ ನಿಲ್ಲುತ್ತಿದ್ದ, ನಾಡಿದ್ದು ಕಿತ್ತೂರಿನ ಚೆನ್ನಮ್ಮ. ವಾಸ್ತವವಾದ ಕಲಿತ ನಮ್ಮ ವಿಮರ್ಶೆ ಇದನ್ನು ಬಡತನವೆಂದೂ ಅಭಿರುಚಿಯ ಕೊರತೆಯೆಂದೂ ಕರೆಯಿತು. ಬಡತನ ಇತ್ತು, ನಿಜ. ಆದರೆ ನೂರು ಆಟಗಳಲ್ಲಿ ಬಳಸಿದ ಆ ದರ್ಬಾರಿನ ಪರದೆ ಯಾವ ಒಬ್ಬ ರಾಜನದೂ ಆಗಿ ಉಳಿದಿರಲಿಲ್ಲ. ಸವೆದು ಸವೆದು ಅದೊಂದು ಪದವಾಗಿತ್ತು. ‘ಅರಮನೆ’ ಎಂಬ ಪದ ಯಾವ ಅರಮನೆಗೂ ಸಲ್ಲುವ ಹಾಗೆ ಆ ಬಟ್ಟೆಯೂ ಸಲ್ಲುತ್ತಿತ್ತು. ‘ಒಂದು ಅರಮನೆ’ ಎಂದು ಹೇಳಬಲ್ಲ ಚಿತ್ರ ಕನ್ನಡ ರಂಗಭೂಮಿಯಲ್ಲಿ ಇದ್ದದ್ದಾದರೆ ಅದು ಆ ಪರದೆಯೇ.

ಇನ್ನೂ ಒಂದು ಗುಣ ಅದಕ್ಕಿತ್ತು. ಎಲ್ಲರೂ ನೋಡುತ್ತಿರುವಂತೆಯೇ ಅದು ಇಳಿಯುತ್ತಿತ್ತು, ಎಲ್ಲರೂ ನೋಡುತ್ತಿರುವಂತೆಯೇ ಸುರುಳಿ ಸುತ್ತಿಕೊಂಡು ಮೇಲೇರುತ್ತಿತ್ತು. ಹಿಂದೆ ದೊಡ್ಡ ಸೀನು ಜೋಡಿಸುವಾಗ ಮುಂದೆ ರಸ್ತೆಯ ಪರದೆ ಬಿಟ್ಟು ಹಾಸ್ಯಗಾರರನ್ನು ನಿಲ್ಲಿಸುತ್ತಿದ್ದರು. ಗಾಳಿ ಬೀಸಿದರೆ ರಸ್ತೆ ಅಲುಗಾಡುತ್ತಿತ್ತು. ತಾನು ಬಟ್ಟೆ ಎಂಬುದನ್ನು ಆ ರಸ್ತೆ ಎಂದೂ ಮುಚ್ಚಿಟ್ಟುಕೊಂಡಿರಲಿಲ್ಲ. ಬಂತು, ಹೇಳಬೇಕಾದ್ದು ಹೇಳಿತು, ಹೋಯಿತು. ನಟ ಉಳಿದ, ಹಾಡು ಉಳಿಯಿತು.

ಈಗ ಪ್ರೊಜೆಕ್ಷನ್ನಿನ ಕಾಲ. ಒಂದು ಪೆಟ್ಟಿಗೆ, ಒಂದು ಕಂಪ್ಯೂಟರು, ಒಂದು ಬಿಳಿ ಬಟ್ಟೆ ಇದ್ದರೆ ಕಾಡು, ಕಡಲು, ನಕ್ಷತ್ರಲೋಕ ಎಲ್ಲವೂ ಬಂದು ನಿಲ್ಲುತ್ತವೆ. ನಾನು ಇದರ ವಿರೋಧಿಯಲ್ಲ. ಬೆಳಕಿನಿಂದ ಚಿತ್ರ ಮಾಡುವ ವಿದ್ಯೆ ನಮಗೆ ಹೊಸದೂ ಅಲ್ಲ. ಕಿಳ್ಳೇಕ್ಯಾತರ ತೊಗಲುಗೊಂಬೆಯಾಟ ಮಾಡುತ್ತ ಬಂದದ್ದು ಅದನ್ನೇ. ಹಿಂದೆ ದೀಪ, ಮುಂದೆ ಬಟ್ಟೆ, ನಡುವೆ ಬಣ್ಣ ಹಚ್ಚಿದ ತೊಗಲು. ಗೊಂಬೆಯನ್ನು ಬಟ್ಟೆಗೆ ಒತ್ತಿ ಹಿಡಿದರೆ ಗೆರೆ ಚೂಪಾಗಿ ಕಾಣುತ್ತದೆ, ದೀಪದತ್ತ ಸರಿಸಿದರೆ ಬೆಳೆದು ಮಸುಕಾಗುತ್ತದೆ. ಒಂದು ಟೊಂಗೆಯನ್ನು ದೀಪದ ಕಡೆಗೆ ಮೆಲ್ಲಗೆ ಸರಿಸಿದರೆ ಬಟ್ಟೆಯ ಮೇಲೊಂದು ಗಿಡ ಬೆಳೆದು ನಿಲ್ಲುತ್ತದೆ. ಕಂಪ್ಯೂಟರಿನ ಗಿಡಕ್ಕಿಂತ ಅದು ನನಗೆ ಹೆಚ್ಚು ಮಾಯೆಯದೆನಿಸುತ್ತದೆ, ಯಾಕೆಂದರೆ ಆ ಮಾಯೆಯ ಹಿಂದೊಂದು ಕೈ ಇದೆ ಎಂದು ನನಗೆ ಗೊತ್ತಿರುತ್ತದೆ.

ಪ್ರೊಜೆಕ್ಟರಿನ ತೊಡಕು ಅದರ ಶಕ್ತಿಯಲ್ಲೇ ಇದೆ. ಅದರ ಚಿತ್ರ ಎದ್ದು ಕಾಣಬೇಕಾದರೆ ರಂಗ ಕತ್ತಲಾಗಬೇಕು. ನಟನ ಮುಖದ ಮೇಲೆ ಬೆಳಕು ಚೆಲ್ಲಿದರೆ ಅದರ ಒಂದಿಷ್ಟು ಹಿಂದಿನ ಬಟ್ಟೆಗೂ ಹರಿದು ಚಿತ್ರ ಮಂಕಾಗುತ್ತದೆ. ಆಗ ವಿನ್ಯಾಸಕಾರ ಯಾವುದಾದರೂ ಒಂದನ್ನು ಆರಿಸಬೇಕು, ಹೆಚ್ಚು ಸಲ ಚಿತ್ರವನ್ನೇ ಆರಿಸುತ್ತಾನೆ. ಹಾಡುವವಳು ಅರೆಗತ್ತಲಿನಲ್ಲಿ ಉಳಿಯುತ್ತಾಳೆ: ಕೈ ಕಾಣುವುದಿಲ್ಲ, ಕಾಲು ಕಾಣುವುದಿಲ್ಲ, ದನಿ ಮಾತ್ರ. ಇನ್ನೊಂದು ಮಾತು. ಚಿತ್ರ ಗಡಿಯಾರದ ಪ್ರಕಾರ ಓಡುತ್ತದೆ, ಹಾಡು ಉಸಿರಿನ ಪ್ರಕಾರ. ಕಂಪನಿಯ ದಿನಗಳಲ್ಲಿ ‘ವನ್ಸ್ ಮೋರ್’ ಎಂಬ ಕೂಗು ಬಿದ್ದರೆ ನಟ ಅದೇ ರಂಗಗೀತೆಯನ್ನು ಮತ್ತೆ ಎತ್ತಿಕೊಳ್ಳುತ್ತಿದ್ದ. ಹಾಡು ಮುಗಿಯುವವರೆಗೆ ಬಣ್ಣದ ಪರದೆ ತಾಳ್ಮೆಯಿಂದ ಕಾಯುತ್ತಿತ್ತು. ಮೊದಲೇ ಅಳೆದಿಟ್ಟ ವೀಡಿಯೊ ಕಾಯುವುದಿಲ್ಲ. ಹಾಡುವವಳೇ ಅದರ ಹಿಂದೆ ಓಡಬೇಕು.

ಮತ್ತೆ ಕತೆಗೆ ಬರುತ್ತೇನೆ. ಉತ್ತರ ಅಲ್ಲೇ ಇದೆ.

ಗಿಡವಾಗುವ ಹುಡುಗಿಯ ಕತೆ ನೋಡುವವರ ಕತೆಯೂ ಹೌದು. ಮೊದಲು ಅವಳು ಗಿಡವಾದದ್ದು ಕೂಲಿ ಮಾಡಿ ಸವೆದ ತಾಯಿಗೆ ನಾಲ್ಕು ಕಾಸು ಸಿಗಲೆಂದು, ತನ್ನ ಇಚ್ಛೆಯಿಂದ; ನೀರು ಸುರಿದವಳು ಒಡಹುಟ್ಟಿದ ಅಕ್ಕ. ರಾಜಕುಮಾರ ಅದನ್ನು ಕದ್ದು ನೋಡುತ್ತಾನೆ. ಮದುವೆಯಾದ ಮೇಲೆ ನನಗಾಗಿ ಗಿಡವಾಗು ಎಂದು ಹಟ ಹಿಡಿಯುತ್ತಾನೆ. ನಾದಿನಿಯೂ ಅವಳ ಗೆಳತಿಯರೂ ತೋಟಕ್ಕೆ ಕರೆದೊಯ್ದು, ನಮಗೂ ತೋರಿಸು ಎಂದು ಬಲವಂತ ಮಾಡುತ್ತಾರೆ. ಗಿಡವಾದ ಕೂಡಲೇ ಮುಗಿಬಿದ್ದು ಹೂ ಕೀಳುತ್ತಾರೆ, ಟೊಂಗೆ ಮುರಿಯುತ್ತಾರೆ. ಮಳೆಗಾಳಿ ಶುರುವಾಗುತ್ತದೆ. ಎರಡನೆಯ ಕೊಡವನ್ನು ಅರ್ಧಂಬರ್ಧ ಚೆಲ್ಲಿ ಓಡಿಹೋಗುತ್ತಾರೆ. ಉಳಿಯುವುದು ಕೈಕಾಲಿಲ್ಲದ ಅರ್ಧ ದೇಹ. ಬೆಳಗ್ಗೆ ಆ ದಾರಿಯಲ್ಲಿ ಅರಳೆಯ ಬಂಡಿಗಳು ಹೋಗುತ್ತಿರುತ್ತವೆ. ನರಳಾಟ ಕೇಳಿದ ಬಂಡಿಯವನು ಅವಳ ಮೈಗೆ ಬಟ್ಟೆ ಹೊದಿಸಿ ಕರೆದೊಯ್ದು ಬೇರೊಂದು ಊರಿನಲ್ಲಿ ಇಳಿಸುತ್ತಾನೆ. ಎರೆಹೊಲದ ಹತ್ತಿಯನ್ನು ಬೈಲಹೊಂಗಲದ ಪೇಟೆಗೆ ಹೇರಿದ ಬಂಡಿಗಳ ನೆನಪಿರುವವರಿಗೆ ಆ ಬಂಡಿಯವನ ಮುಖ ಯಾರೂ ಬರೆದು ತೋರಿಸಬೇಕಾಗಿಲ್ಲ.

ಹೀಗಾಗಿ ‘ಗಿಡವನ್ನು ತೋರಿಸಿ’ ಎಂದು ಕೇಳುವ ಪ್ರೇಕ್ಷಕ ನಾದಿನಿಯ ಗೆಳತಿಯರ ಸಾಲಿನಲ್ಲಿ ಕುಳಿತಿದ್ದಾನೆ. ಆ ಕೇಳಿಕೆಗೆ ಮಣಿದು ನಲವತ್ತು ಅಡಿ ಬಟ್ಟೆಯ ಮೇಲೆ ಸಾವಿರ ಹೂ ಅರಳಿಸಿ, ಅದರ ಬುಡದಲ್ಲಿ ಗಾಯಕಿಯನ್ನು ಕತ್ತಲಿಗೆ ತಳ್ಳಿದ ವಿನ್ಯಾಸಕಾರ ಎರಡನೆಯ ಕೊಡವನ್ನು ಚೆಲ್ಲಿ ಓಡಿದವನು. ಅವನ ರಂಗದ ಮೇಲೆ ಉಳಿಯುವುದೂ ಅರ್ಧ ದೇಹವೇ. ನಾನು ಹೇಳಬೇಕೆಂದಿರುವುದು ಇಷ್ಟೇ: ಕಿನ್ನರಕತೆಯ ರಂಗದಲ್ಲಿ ಚಿತ್ರ ತರುವುದು ತಪ್ಪಲ್ಲ, ತಂದ ಚಿತ್ರವನ್ನು ವಾಪಸು ಕರೆದುಕೊಳ್ಳದಿರುವುದು ತಪ್ಪು. ಬೆಳಕು ಬರಲಿ, ಅವಳ ಸೀರೆಯ ಮೇಲೆ, ತೋಳಿನ ಮೇಲೆ ಹೂವಾಗಿ ಬೀಳಲಿ. ಅವಳು ಸರಿದಾಗ ಹೂ ಜಾರಿ ಬೀಳುವುದೂ ಕಾಣಲಿ. ಆಮೇಲೆ ಅದು ಪೂರ್ತಿಯಾಗಿ ಹಿಂದೆ ಸರಿಯಬೇಕು. ಉಗುರಿನಷ್ಟೂ ಊನವಿಲ್ಲದ ಮನುಷ್ಯಳು ನಮ್ಮೆದುರು ನಿಲ್ಲಬೇಕು.

ಇದಕ್ಕೆ ಗಟ್ಟಿ ಆಕ್ಷೇಪವೊಂದಿದೆ. ಜನಕ್ಕೆ ಬೆರಗು ಬೇಕು, ಬೋಳು ರಂಗ ಓದಿದವರ ರುಚಿ ಎನ್ನುತ್ತಾರೆ. ಗುಬ್ಬಿ ವೀರಣ್ಣನವರು 1934ರಲ್ಲಿ ‘ಕುರುಕ್ಷೇತ್ರ’ಕ್ಕೆ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದಾಗ ಜನ ಕಿಕ್ಕಿರಿದು ಬಂದರು. ಬರ್ಲಿನ್ನಿನಲ್ಲಿ 1816ರಲ್ಲಿ ಶಿಂಕೆಲ್ ಎಂಬ ವಾಸ್ತುಶಿಲ್ಪಿ ‘ಮ್ಯಾಜಿಕ್ ಫ್ಲೂಟ್’ನ ರಾತ್ರಿರಾಣಿಗೆ ನಕ್ಷತ್ರಗಳ ಕಮಾನನ್ನೇ ಬರೆದ, ಇನ್ನೂರು ವರ್ಷವಾದರೂ ರಂಗಲೋಕ ಅದನ್ನು ಮರೆತಿಲ್ಲ. ಬೆರಗಿನ ಹಸಿವು ಸಣ್ಣದಲ್ಲ, ಅದನ್ನು ಹೀಗಳೆಯಲಾರೆ. ಆದರೆ ಬೆರಗಿಗೆ ಅಳತೆಯೊಂದೇ ದಾರಿಯೇ? ಕಿತ್ತೂರಿನ ಕೋಟೆಯೊಳಗಿನ ಅರಮನೆ ಪಾಳುಬಿದ್ದಿದೆ. ಅದರ ಗೋಡೆಯಲ್ಲಿ ಧ್ರುವನಕ್ಷತ್ರ ನೋಡಲೆಂದು ಮಾಡಿದ ಒಂದು ರಂಧ್ರವಿದೆ. ಹೋದವರೆಲ್ಲ, ಹಗಲಾದರೂ, ಬಗ್ಗಿ ಅದಕ್ಕೆ ಕಣ್ಣು ಹಚ್ಚುತ್ತಾರೆ. ಸುತ್ತ ದೊಡ್ಡ ಆಕಾಶವೇ ತೆರೆದುಕೊಂಡಿದೆ, ಆದರೂ ಬೆರಗು ಹುಟ್ಟುವುದು ಆ ಕಿರಿದಾದ ತೂತಿನಲ್ಲಿ. ವಿನ್ಯಾಸಕಾರರು ಅಲ್ಲಿ ಒಂದು ಗಳಿಗೆ ನಿಂತು ಬರಬೇಕು.

ಸಿನಿಮಾದ ಮಾತು ಬೇರೆ. ಗಿರೀಶ ಕಾರ್ನಾಡರು ಇದೇ ಕತೆಯಿಂದ 1992ರಲ್ಲಿ ‘ಚೆಲುವಿ’ ಎಂಬ ಹಿಂದಿ ಚಿತ್ರ ಮಾಡಿದರು. ಅಲ್ಲಿ ಹುಡುಗಿ ಒಂದು ಶಾಟಿನಲ್ಲಿ, ಗಿಡ ಇನ್ನೊಂದರಲ್ಲಿ ಇರಬಹುದು. ರಂಗದಲ್ಲಿ ಎರಡೂ ಒಂದೇ ಮೈಯಲ್ಲಿ ಇರಬೇಕು. ವಿಯೆನ್ನಾದ ಪ್ರಯೋಗ ಇದನ್ನು ಅರಿತಿತ್ತೆಂದೇ ನನ್ನ ನಂಬಿಕೆ. ಅಲ್ಲಿ ಹಾಡುವವರು ಮೂವರೇ: ಕುಮುದಾ, ರಾಜಕುಮಾರ, ಕತೆ ಹೇಳುವವ. ಅವರ ಜೊತೆಗೆ ಜಾವಾದ ನರ್ತಕರು. ಗಾಯಕಿಯ ದನಿಗೆ ನರ್ತಕಿಯ ಮೈ ಜೋಡಿಯಾಗಿ ಆ ರೂಪಾಂತರವನ್ನು ಹೊತ್ತಿತು. ವೆನಿಜುವೆಲಾದ ಮೇಳದವರು ಸ್ಪ್ಯಾನಿಷಿನಲ್ಲಿ ಹಾಡಿದರು. ಕನ್ನಡದ ಕತೆ, ಇಂಗ್ಲಿಷಿನ ಸಾಹಿತ್ಯ, ಜಾವಾದ ನೃತ್ಯ. ‘ಒಂದೂರು’ ಎಂಬುದು ಎಷ್ಟು ಊರುಗಳಿಗೆ ಸಲ್ಲಬಲ್ಲುದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಆದರೆ ಆ ಸಾಲಿನಲ್ಲಿ ಕತೆ ಹೇಳಿದ ಹೆಂಗಸರ ಸೀಮೆಯೂ ಸೇರಬೇಕಲ್ಲವೇ? ನಮ್ಮಲ್ಲಿ ಅದಕ್ಕೆ ಏನು ಕಡಿಮೆ? ಇಡೀ ರಾತ್ರಿ ಹಾಡಿ ಕತೆ ನಡೆಸುವ ಶ್ರೀಕೃಷ್ಣ ಪಾರಿಜಾತದ ಹಿಮ್ಮೇಳ ನಮ್ಮ ಬೆಳಗಾವಿ ಜಿಲ್ಲೆಯಲ್ಲಿದೆ. ಕುಲಗೋಡ ತಮ್ಮಣ್ಣ ಕಟ್ಟಿ, ಕೌಜಲಗಿ ನಿಂಗಮ್ಮ ಬೆಳಗಿದ ಆಟವದು. ಸ್ವರ್ಗದ ಹೂವೊಂದು ಭೂಮಿಗೆ ಬಂದು ಮಾಡಿದ ರಾದ್ಧಾಂತವನ್ನು ಅದು ಹಾಡಿನಲ್ಲೇ ಕಟ್ಟಿಕೊಡುತ್ತದೆ. ಬಟ್ಟೆ ನೇಯಲು ರಾಮದುರ್ಗದ ಮಗ್ಗಗಳಿವೆ. ಕೊಡದ ವಿಷಯ ಹೇಳುವುದೇ ಬೇಡ. ಸವದತ್ತಿಯ ಗುಡ್ಡಕ್ಕೆ ಬರುವ ಜೋಗತಿಯರು ಯಲ್ಲಮ್ಮನ ಕೊಡವನ್ನು ಕೈ ಬಿಟ್ಟು ತಲೆಯ ಮೇಲೆ ನಿಲ್ಲಿಸಿ ಕುಣಿಯುತ್ತಾರೆ. ತುಂಬಿದ ಕೊಡ ಜಾರಿದರೆ ಏನಾಗುತ್ತದೆಂದು ಈ ಸೀಮೆಯ ಪ್ರೇಕ್ಷಕನಿಗೆ ರೇಣುಕೆಯ ಕತೆಯಿಂದಲೇ ಗೊತ್ತು. ರಂಗದ ನಡುವೆ ಎರಡು ತಾಮ್ರದ ಕೊಡ ತಂದಿಟ್ಟರೆ ಸಾಕು, ಅವನು ಉಸಿರು ಬಿಗಿಹಿಡಿದು ಕೂರುತ್ತಾನೆ.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ರಂಗತಂಡಗಳಿಗೆ, ಸಣ್ಣಾಟದ ಮೇಳಗಳಿಗೆ ನನ್ನದೊಂದು ಬೇಡಿಕೆ. ಈ ಕತೆಯನ್ನು ಹಾಡಾಗಿ ಕಟ್ಟಿ ಆಡಿ. ಪ್ರೊಜೆಕ್ಟರು ಸಿಕ್ಕರೆ ತನ್ನಿ, ಸಿಗದಿದ್ದರೆ ಒಂದು ದೀಪ, ಒಂದು ಟೊಂಗೆ ಹಿಡಿದು ಬಟ್ಟೆಯ ಹಿಂದೆ ನಿಲ್ಲಿ. ಯಾವುದನ್ನೇ ತಂದರೂ, ಕೊನೆಯ ದೃಶ್ಯದಲ್ಲಿ ರಾಜಕುಮಾರ ಮುರಿದ ಟೊಂಗೆಗಳನ್ನು ಒಂದೊಂದಾಗಿ ಜೋಡಿಸಿ ಎರಡನೆಯ ಕೊಡ ಎತ್ತುವ ಹೊತ್ತಿಗೆ ಆ ಯಂತ್ರವನ್ನೂ ಆ ದೀಪವನ್ನೂ ಆರಿಸಿಬಿಡಿ. ಹುಡುಗಿಯ ಮುಖದ ಮೇಲೆ ಮಾತ್ರ ಬೆಳಕಿರಲಿ, ಕೊಡದಲ್ಲಿ ನಿಜವಾದ ನೀರಿರಲಿ.