ವಾಲುವ ಗೆರೆ

ಒಂದು ಸೊನ್ನೆ, ಅದರ ಕೆಳಗೊಂದು ನೆಟ್ಟನೆಯ ಗೆರೆ, ಎರಡು ಕೈ, ಎರಡು ಕಾಲು. ಅಕ್ಷರ ಕಲಿಯುವ ಮೊದಲೇ ಮಕ್ಕಳು ಮನೆಯ ಗೋಡೆಯ ಮೇಲೆ ಈ ಕಡ್ಡಿ ಮನುಷ್ಯನನ್ನು ಬರೆದಿರುತ್ತಾರೆ. ಇದು ಅಪ್ಪ, ಇದು ಅಜ್ಜಿ ಎಂದು ಹೆಸರನ್ನೂ ಇಟ್ಟಿರುತ್ತಾರೆ. ದೊಡ್ಡವರಾದ ನಾವು, ಚಿತ್ರ ಬರೆಯಲು ಬಾರದವರ ಚಿತ್ರ ಇದು ಎಂದು ನಕ್ಕು ಸುಮ್ಮನಾಗುತ್ತೇವೆ. ಆದರೆ ಕಾರ್ಟೂನು ಬರೆಯುವುದನ್ನೇ ಕಸುಬು ಮಾಡಿಕೊಂಡವರ ಕಚ್ಚಾ ಹಾಳೆಗಳನ್ನು ನೋಡಿ. ಅನೇಕರ ಹಾಳೆಯಲ್ಲಿ ಮೊದಲು ಮೂಡುವುದು ಇದೇ ಕಡ್ಡಿ ಮನುಷ್ಯ. ಮಗು ಬರೆದವನು ನೆಟ್ಟಗೆ ನಿಂತಿರುತ್ತಾನೆ, ಇವನು ವಾಲಿರುತ್ತಾನೆ. ಇರುವ ವ್ಯತ್ಯಾಸ ಅಷ್ಟೇ.

ಕಾರ್ಟೂನುಗಾರ ಕಣ್ಣು ಮೂಗಿನಿಂದ ಶುರು ಮಾಡುವುದಿಲ್ಲ. ನೆತ್ತಿಯಿಂದ ಹಿಮ್ಮಡಿಯವರೆಗೆ ಒಂದೇ ಎಳೆತದಲ್ಲಿ ಒಂದು ಬಾಗಿದ ಗೆರೆ ಹಾಕುತ್ತಾನೆ. ಓಡುವವನದಾದರೆ ಗೆರೆ ಮುಂದಕ್ಕೆ ವಾಲುತ್ತದೆ. ಓಡುತ್ತಾ ಓಡುತ್ತಾ ಗಕ್ಕನೆ ನಿಂತವನದಾದರೆ ಹಿಂದಕ್ಕೆ. ಆಮೇಲೆ ಹೆಗಲಿಗೊಂದು, ಸೊಂಟಕ್ಕೊಂದು ಅಡ್ಡಗೆರೆ. ಒಂಟಿ ಕಾಲಿನ ಮೇಲೆ ಭಾರ ಬಿಟ್ಟು ನಿಂತಾಗ ಆ ಕಡೆಯ ಸೊಂಟ ಮೇಲೇರುತ್ತದೆ, ಅದೇ ಕಡೆಯ ಹೆಗಲು ಇಳಿಯುತ್ತದೆ. ಈ ಎರಡು ಅಡ್ಡಗೆರೆಗಳು ಒಂದಕ್ಕೊಂದು ಎದುರಾಗಿ ಓರೆಯಾದ ಕೂಡಲೇ ಕಡ್ಡಿ ಮನುಷ್ಯನಿಗೆ ಜೀವ ಬರುತ್ತದೆ. ಬೆಳೆದ ಆಳಿನ ಎತ್ತರ ಸುಮಾರು ಏಳೂವರೆ ತಲೆಯಷ್ಟು. ಕಾರ್ಟೂನಿನಲ್ಲಿ ಅದು ಮೂರು ನಾಲ್ಕು ತಲೆಗೆ ಇಳಿದುಬಿಡುತ್ತದೆ. ಅಳತೆ ಹೀಗೆ ತಪ್ಪಿದರೂ ನಮ್ಮ ಕಣ್ಣು ಒಪ್ಪುತ್ತದೆ. ವಾಲು ತಪ್ಪಿದರೆ ಮಾತ್ರ ಒಪ್ಪುವುದಿಲ್ಲ.

ಭಾರಕ್ಕೂ ಒಂದು ಲೆಕ್ಕವಿದೆ. ಗಾರೆ ಕೆಲಸದವರು ತೂಗುಗುಂಡು ಇಳಿಬಿಡುವ ಹಾಗೆ ಕುತ್ತಿಗೆಯ ಗುಳಿಯಿಂದ ನೆಲಕ್ಕೊಂದು ಗೆರೆ ಇಳಿಸಿ ನೋಡಬೇಕು. ಅದು ಪಾದಗಳ ನಡುವೆ ಬಿದ್ದರೆ ಮನುಷ್ಯ ನಿಂತಿದ್ದಾನೆ. ಪಾದಗಳಿಂದಾಚೆ ಬಿದ್ದರೆ ಎಲ್ಲಿಗೋ ಹೊರಟಿದ್ದಾನೆ, ಇಲ್ಲವೇ ಬೀಳುತ್ತಿದ್ದಾನೆ. ನಡಿಗೆಯಲ್ಲಿ ಎರಡೂ ಇವೆ: ಮುಂದಕ್ಕೆ ಬೀಳಹೊರಟ ದೇಹವನ್ನು ಇನ್ನೊಂದು ಪಾದ ಬಂದು ಹಿಡಿದುಕೊಳ್ಳುತ್ತದೆ. ಪ್ರತಿ ಹೆಜ್ಜೆಯಲ್ಲೂ ನಾವು ಸಮತೋಲವನ್ನು ಸ್ವಲ್ಪ ಬಿಟ್ಟುಕೊಡುತ್ತೇವೆ. ಬಿಟ್ಟುಕೊಡದಿದ್ದರೆ ನಿಂತಲ್ಲೇ ನಿಲ್ಲಬೇಕಾಗುತ್ತದೆ.

ಇದನ್ನು ತಿಳಿದುಕೊಂಡು ಬೆಳಗ್ಗೆ ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಸ್ವಲ್ಪ ಹೊತ್ತು ನಿಂತರೆ ಊರು ಬೇರೆಯೇ ಆಗಿ ಕಾಣುತ್ತದೆ. ಮೂಟೆ ಹೊತ್ತ ಹಮಾಲಿಯ ಬೆನ್ನು ಮುಂದಕ್ಕೆ, ತಲೆ ಮಾತ್ರ ದಾರಿ ನೋಡಲು ಮೇಲಕ್ಕೆ. ಒಂದು ಕೈಯಲ್ಲಿ ತುಂಬಿದ ಕೊಡ ಹಿಡಿದ ಹೆಂಗಸಿನ ಮೈ ಕೊಡದಿಂದಾಚೆಗೆ ಓರೆ. ಇನ್ನೊಂದು ಕೈ ತಾನಾಗಿಯೇ ಗಾಳಿಯಲ್ಲಿ ಚಾಚಿದೆ. ಹೊರಟ ಬಸ್ಸಿನ ಹಿಂದೆ ಓಡುವ ಹುಡುಗನಿಗಿಂತ ಅವನ ತಲೆ ಒಂದು ಮೊಳ ಮುಂದಿದೆ. ಊರಾಚೆಯ ತೋಟದಲ್ಲಿ ಅಡಿಕೆ ಕೊನೆ ಇಳಿಸುವವನು ಒಂದು ಮರವನ್ನು ಬಾಗಿಸಿ ಪಕ್ಕದ ಮರಕ್ಕೆ ದಾಟುವ ಗಳಿಗೆಯಲ್ಲಂತೂ ಅವನ ಬೆನ್ನಿನ ಗೆರೆಯೂ ಮರದ ಗೆರೆಯೂ ಒಂದೇ. ಅವರ ಬಟ್ಟೆಯ ಬಣ್ಣ, ಮುಖದ ಚಹರೆ ಆಮೇಲೆ ನೆನಪಿಗೆ ಬರಲಿಕ್ಕಿಲ್ಲ. ಯಾರು ಯಾವ ಕಡೆಗೆ ಬಾಗಿದ್ದರು ಎಂಬುದು ಉಳಿಯುತ್ತದೆ.

ನಮ್ಮ ಜಿಲ್ಲೆಗೆ ಈ ಕಣ್ಣು ಹೊಸದಲ್ಲ. ಸಾಗರ, ಸೊರಬದ ಕಡೆಯ ದೀವರ ಹೆಣ್ಣುಮಕ್ಕಳು ಕೆಮ್ಮಣ್ಣು ಸಾರಿಸಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ, ಪುಂಡಿ ನಾರಿನ ಕುಂಚದಿಂದ ಹಸೆ ಚಿತ್ತಾರ ಬರೆಯುತ್ತಾರೆ. ಅಲ್ಲಿ ದಂಡಿಗೆಯೊಳಗಿನ ಮದುಮಕ್ಕಳಿಗೂ ಅದನ್ನು ಹೊತ್ತವರಿಗೂ ಕೆಲವೇ ಗೆರೆಗಳ ಮೈ. ಯಾರು ಹೊತ್ತಿದ್ದಾರೆ, ಯಾರು ಕೂತಿದ್ದಾರೆ ಎಂಬುದು ನಿಲುವಿನಿಂದಲೇ ತಿಳಿಯುತ್ತದೆ. ಭೂಮಿ ಹುಣ್ಣಿಮೆಯ ದಿನ ಬೆಳಕು ಹರಿಯುವ ಮೊದಲು ಚರಗ ತುಂಬಿಕೊಂಡು ಗದ್ದೆಗೆ ಹೋಗುವ ಭೂಮಣ್ಣಿ ಬುಟ್ಟಿಯ ಮೇಲೂ ಇದೇ ಚಿತ್ತಾರ.

ಶಿವಮೊಗ್ಗ ನಗರದಲ್ಲಿ ಶಿವಪ್ಪನಾಯಕನ ಅರಮನೆ ಎಂದು ಕರೆಯುವ ಮರದ ಕಂಬಗಳ ಕಟ್ಟಡ ಈಗ ವಸ್ತುಸಂಗ್ರಹಾಲಯ. ಅದರ ಆವರಣದಲ್ಲಿ ವೀರಗಲ್ಲುಗಳಿವೆ. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ: ಕಾಲು ಅಗಲಿಸಿ ಶತ್ರುವಿನ ಕಡೆಗೆ ಇಡೀ ಮೈ ವಾಲಿಸಿದ ವೀರ. ನಡುವಿನ ಪಟ್ಟಿಕೆಯಲ್ಲಿ ಅಪ್ಸರೆಯರು ಅವನನ್ನು ಎರಡೂ ಕಡೆಯಿಂದ ಹಿಡಿದು ಕರೆದೊಯ್ಯುತ್ತಾರೆ. ಭಾರವನ್ನು ಈಗ ಅವರು ಹೊತ್ತಿದ್ದಾರೆ. ಮೇಲಿನ ಪಟ್ಟಿಕೆಯಲ್ಲಿ ಶಿವಲಿಂಗದ ಎದುರು ಕೂತಿದ್ದಾನೆ, ಬೆನ್ನು ನೆಟ್ಟಗೆ. ಮಳೆಗೆ ಬಿಸಿಲಿಗೆ ಸವೆದು ಮೂಗು ತುಟಿ ಅಳಿಸಿಹೋದ ಕಲ್ಲಿನಲ್ಲೂ ಈ ಮೂರು ಗೆರೆ ಉಳಿದಿರುತ್ತವೆ. ಶಿಲ್ಪಿ ನೆಟ್ಟನೆಯ ಗೆರೆಯನ್ನು ಎಲ್ಲ ಮುಗಿದ ಮೇಲಿನ ಪಟ್ಟಿಕೆಗೆ ಕಾದಿರಿಸಿದ್ದಾನೆ. ಬದುಕಿದ್ದಷ್ಟು ಹೊತ್ತೂ ಅವನ ವೀರ ಓರೆಯಾಗಿಯೇ ಇದ್ದ.

ಅಲ್ಲಿಂದ ಭದ್ರಾವತಿಗೆ ಬಂದರೆ, ಹಳೆಯ ಊರಿನಲ್ಲಿ 13ನೆಯ ಶತಮಾನದ ಹೊಯ್ಸಳ ದೇವಾಲಯ, ಲಕ್ಷ್ಮೀನರಸಿಂಹನದು. ಮೂರು ಗರ್ಭಗುಡಿಗಳ ಈ ತ್ರಿಕೂಟದಲ್ಲಿ ವೇಣುಗೋಪಾಲನೂ ಇದ್ದಾನೆ. ಕತ್ತು, ಸೊಂಟ, ಮೊಣಕಾಲು ಮೂರು ಕಡೆ ಬಾಗಿದ ತ್ರಿಭಂಗಿ ಕೊಳಲಿನ ಕೃಷ್ಣನ ನಿಲುವು. ದೇವರೂ ಊದಲು ನಿಂತಾಗ ಕೊಳಲಿನ ಕಡೆಗೆ ಬಾಗಲೇಬೇಕು.

ಅದೇ ಊರಿನ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿದಾಗ ಕುಲುಮೆಗೆ ಬೇಕಾದದ್ದು ಮಲೆನಾಡಿನ ಮರದ ಇದ್ದಿಲು. 1936ರಲ್ಲಿ ಸ್ಥಾಪನೆಯಾದ ಕಾಗದದ ಕಾರ್ಖಾನೆ ಮುಂದಿನ ದಶಕಗಳಲ್ಲಿ ಪತ್ರಿಕೆಗಳು ಅಚ್ಚಾಗುವ ಕಾಗದವನ್ನೂ ಕೊಟ್ಟಿತು. ಅದರ ಯಂತ್ರಗಳು ಈಗ ನಿಂತಿವೆ. ಗೆರೆ ಎಳೆಯುವ ಇದ್ದಿಲೂ ಕಾರ್ಟೂನು ಅಚ್ಚಾಗುವ ಹಾಳೆಯೂ ಒಂದೇ ಊರಿನಲ್ಲಿ ಕೂಡಿದ್ದವು. ಆ ಕುಲುಮೆಯ ಮುಂದೆ ಉದ್ದನೆಯ ಸಲಾಕೆ ಹಿಡಿದು ನಿಂತವನನ್ನು ಕಡ್ಡಿ ಮನುಷ್ಯನಾಗಿ ಬರೆಯಲು ಪ್ರಯತ್ನಿಸಿ. ಕೆಲಸಕ್ಕಾಗಿ ಕೈ ಮುಂದಕ್ಕೆ ಚಾಚಬೇಕು, ಝಳಕ್ಕೆ ಬೆನ್ನು ಹಿಂದಕ್ಕೆ ಜಗ್ಗಬೇಕು. ಒಂದೇ ಮೈಯಲ್ಲಿ ಎರಡು ಎಳೆತ. ದುಡಿದು ಮನೆ ನಡೆಸಿದ ಅನೇಕರ ಚಿತ್ರ ಅದು.

ಹಾಗೆಂದು ಬಾಗಿದ್ದೆಲ್ಲ ಒಳ್ಳೆಯದೆಂದೇನಲ್ಲ. ರಾಜಕೀಯದ ಕಾರ್ಟೂನಿನಲ್ಲಿ ಅಧಿಕಾರದ ಮುಂದೆ ಬಗ್ಗುವವನ ಗೆರೆ ಕುತ್ತಿಗೆಯಿಂದ ಬಗ್ಗುತ್ತದೆ. ಸೊಂಟ ಹಿಂದೆ ಸರಿದು ಭಾರವೆಲ್ಲ ಹಿಮ್ಮಡಿಯ ಮೇಲೆ, ಯಾವ ಗಳಿಗೆಯಲ್ಲಾದರೂ ಹಿಂದಕ್ಕೆ ಜಿಗಿಯಲು ಸಿದ್ಧ. ಬಿದ್ದವರನ್ನು ಎತ್ತಲು ಬಗ್ಗುವವನ ಗೆರೆ ಸೊಂಟದಿಂದ ಬಗ್ಗುತ್ತದೆ. ಮೊಣಕಾಲು ಮಡಚಿ ಪೂರ್ತಿ ಪಾದ ನೆಲಕ್ಕೆ ಊರಿರುತ್ತದೆ. ಎರಡನ್ನೂ ಬರೆಯಲು ಬೇಕಾಗುವ ಗೆರೆಗಳು ಅಷ್ಟೇ. ನೋಡಿದ ಕೂಡಲೇ ಇವನು ಇಂಥವನು ಎಂದು ಮಗುವೂ ಹೇಳಿಬಿಡುತ್ತದೆ. ಮೈಸೂರಿನ ಆರ್.ಕೆ. ಲಕ್ಷ್ಮಣ್ ತಮ್ಮ ಶ್ರೀಸಾಮಾನ್ಯನನ್ನು ಮಾತಾಡಿಸಲೇ ಇಲ್ಲ. ಸುತ್ತಲಿನ ಮಂತ್ರಿಗಳು ಎದೆಯುಬ್ಬಿಸುತ್ತಾರೆ, ಕೈ ಬೀಸುತ್ತಾರೆ. ಅವನು ಸುಮ್ಮನೆ ನೋಡುತ್ತಾ ನಿಂತಿರುತ್ತಾನೆ. ಅವನ ಅಭಿಪ್ರಾಯ ನಮಗೆ ಅರ್ಥವಾಗಲು ಆ ನಿಲುವು ಸಾಕಾಯಿತು.

ಮುಖವನ್ನು ನಾವು ಸಿದ್ಧಪಡಿಸಿಕೊಳ್ಳಬಲ್ಲೆವು. ಬೇಡದವರ ಎದುರು ನಗಬಲ್ಲೆವು, ಬೇಸರ ಮುಚ್ಚಿಡಬಲ್ಲೆವು. ಬೆನ್ನಿಗೆ ಆ ಜಾಣತನ ಅಷ್ಟಾಗಿ ಬಾರದು. ಕಿವಿ ಮಂದವಾದ ಅಜ್ಜನ ಮಾತು ಕೇಳುವಾಗ ಅದು ಅವರ ಕಡೆಗೆ ವಾಲಿದೆಯೋ ಬಾಗಿಲ ಕಡೆಗೋ? ಮಗು ಏನನ್ನೋ ತೋರಿಸಲು ಬಂದಾಗ ಕೆಳಕ್ಕೆ ಬಾಗಿತೋ, ಹಾಗೇ ಕುರ್ಚಿಗೆ ಒರಗಿಕೊಂಡಿತೋ? ಕೈಯಲ್ಲಿನ ಫೋನಿನ ಕಡೆಗೆ ದಿನಕ್ಕೆಷ್ಟು ಹೊತ್ತು ಬಗ್ಗಿರುತ್ತದೆ, ಪಕ್ಕದಲ್ಲಿ ಕೂತವರ ಕಡೆಗೆ ಎಷ್ಟು ಹೊತ್ತು? ಹೇಳಿದ ಪ್ರೀತಿ, ಕೊಟ್ಟ ಮಾತು ಎಲ್ಲವನ್ನೂ ಅಳಿಸಿ ಕಡ್ಡಿ ಮನುಷ್ಯರಾಗಿ ಮಾತ್ರ ನಮ್ಮನ್ನು ಬರೆದರೆ, ಉಳಿಯುವ ಸತ್ಯ ಇದೊಂದೇ.

ನೆಟ್ಟಗೆ ನಿಲ್ಲುವುದನ್ನು ಶಾಲೆಯ ಪ್ರಾರ್ಥನೆಯ ಸಾಲಿನಲ್ಲೇ ನಮಗೆ ಕಲಿಸಿದರು. ಒಳ್ಳೆಯದೇ. ಬೀಳದೆ ವಾಲುವುದು ಹೇಗೆ, ಯಾರ ಕಡೆಗೆ ವಾಲಬೇಕು ಎಂಬುದನ್ನು ಮಾತ್ರ ಒಬ್ಬೊಬ್ಬರೂ ತಾವೇ ಕಲಿಯಬೇಕು. ಪಾದ ಗಟ್ಟಿಯಾಗಿ ಊರಿದ್ದರೆ ಬಾಗಿದರೂ ಬೀಳುವ ಭಯ ಕಡಿಮೆ. ಇಂದಿನ ದಿನಕ್ಕೆ ಅಷ್ಟು ನೆನಪಿದ್ದರೆ ಸಾಕು.