ಒಂದೇ ರೊಟ್ಟಿಯ ಪಾಲುದಾರರು



ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯದ ನೀರು ಗೋಕಾಕ, ಮೂಡಲಗಿ ಸೀಮೆಗೆ ಹರಿಯುತ್ತದೆ. 2019ರ ಆಗಸ್ಟ್‌ನಲ್ಲಿ ಇದೇ ಘಟಪ್ರಭೆ ಗೋಕಾಕದ ಮನೆಗಳಿಗೆ ನುಗ್ಗಿತು. ನೀರು ಇಳಿದ ಮೇಲೆ ನೆರೆಮನೆಯ ಕೆಸರು ಬಳಿಯಲು ನಮ್ಮಲ್ಲಿ ಎಷ್ಟು ಜನ ಹೋದೆವು? ಬಲಿಪೂಜೆಯಲ್ಲಿ ಶಾಂತಿ ಕೋರುವ ಕೈ ಸಲಿಕೆಯನ್ನೂ ಹಿಡಿಯಬೇಕಲ್ಲವೇ?

ಕೊರಿಂಥದ ಸಭೆಯಲ್ಲಿ ಉಳ್ಳವರು ಮೊದಲೇ ಉಂಡು ಕುಡಿಯುತ್ತಿದ್ದರು. ಬಡವರು ಹಸಿದೇ ಉಳಿಯುತ್ತಿದ್ದರು. ಅದನ್ನು ಪ್ರಭುವಿನ ಭೋಜನವೆಂದು ಸಂತ ಪೌಲರು ಒಪ್ಪಲಿಲ್ಲ. ಒಬ್ಬರಿಗಾಗಿ ಒಬ್ಬರು ಕಾಯಬೇಕೆಂದು ಬುದ್ಧಿ ಹೇಳಿದರು. ಎಷ್ಟು ಸಣ್ಣ ಮಾತು! ಆದರೆ ಅನ್ಯೋನ್ಯತೆ ಅಲ್ಲಿಯೇ ಇದೆ.

ಈ ಭಾಗದಲ್ಲಿ ನಾವು ಕೆಲವೇ ಕುಟುಂಬಗಳು. ಬಸ್ಸು ತಪ್ಪಿ ತಡವಾಗಿ ದೇವಾಲಯಕ್ಕೆ ಬಂದ ಕೂಲಿಯ ತಾಯಿಗೆ ಸರಿದು ಜಾಗ ಕೊಡುತ್ತೇವೆಯೇ? ಎರಡು ಭಾನುವಾರ ಕಾಣದ ಮನೆಯವರನ್ನು ವಿಚಾರಿಸಿದೆವೇ? ಈ ವಾರವೇ ಅವರಲ್ಲಿಗೆ ಹೋಗಿ ಒಂದು ಕಪ್ಪು ಚಹಾ ಕುಡಿದು ಬನ್ನಿ.