ದೈವ ಐದನೆಯದು

ಕಟ್ಟಡದ ಕೆಲಸದಲ್ಲಿ ಆಳೊಬ್ಬ ಬಿದ್ದು ಸತ್ತರೆ ಅದು ಅವನ ಹಣೆಬರಹವೋ, ಕಟ್ಟಿಸಿದವರ ತಪ್ಪೋ? ಅಪಾಯವನ್ನು ಮೊದಲೇ ಗುರುತಿಸುವ ಕೆಲಸಕ್ಕೆ ಅರ್ಥ ಇದೆಯೇ ಎಂಬುದು ಈ ಪ್ರಶ್ನೆಯ ಉತ್ತರವನ್ನೇ ಅವಲಂಬಿಸಿದೆ. ಸಾವು ಮೊದಲೇ ಬರೆದಿಟ್ಟದ್ದಾದರೆ ಸಾರುವೆಯ ಗಂಟು ಸಡಿಲಾದದ್ದನ್ನು ನೋಡಿ ಆಗಬೇಕಾದ್ದೇನೂ ಇಲ್ಲ. ಹಾಗಲ್ಲವಾದರೆ, ಅದನ್ನು ಕಂಡೂ ಸುಮ್ಮನಿದ್ದವನು ಆ ಸಾವಿನಲ್ಲಿ ಪಾಲುದಾರನಾಗುತ್ತಾನೆ.

ಉತ್ತರ ಕನ್ನಡದ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಸೀಮೆಯಲ್ಲಿ ಹಲವು ಧರ್ಮಗಳ ಜನ ಅಕ್ಕಪಕ್ಕದಲ್ಲೇ ಮನೆ ಕಟ್ಟಿಕೊಂಡು ಬಾಳುತ್ತಾರೆ. ಹಿಂದೂ ಮನೆಗಳ ಕೆಲಸ ಗುದ್ದಲಿ ಪೂಜೆಯಿಂದ ಶುರುವಾಗುತ್ತದೆ. ಬಾಗಿಲ ಚೌಕಟ್ಟು ನಿಲ್ಲಿಸುವಾಗ ಮತ್ತೊಂದು ಪೂಜೆ. ಗೋಡೆ ಏಳುತ್ತಿದ್ದಂತೆ ದೃಷ್ಟಿಗೊಂಬೆಯೋ ಬೂದುಗುಂಬಳಕಾಯಿಯೋ ನೇತಾಡುತ್ತದೆ. ಇವನ್ನು ಮೂಢನಂಬಿಕೆಯೆಂದು ತಳ್ಳಿಹಾಕುವುದು ಸರಿಯಲ್ಲ. ನೆಲ ಅಗೆಯುವುದು, ಎತ್ತರಕ್ಕೆ ಏರುವುದು ಅಪಾಯದ ಕೆಲಸ ಎಂಬ ಅರಿವು ಈ ಆಚರಣೆಗಳಲ್ಲಿದೆ. ಆದರೆ ಅದರ ಜೊತೆಗೇ ‘ದೊಡ್ಡ ಕೆಲಸ ಬಲಿ ಕೇಳುತ್ತದೆ’ ಎಂಬ ಹಳೆಯ ನಂಬಿಕೆಯೂ ಬಂದಿದೆ. ‘ಕೆರೆಗೆ ಹಾರ’ ಜನಪದ ಕಥನಗೀತೆಯಲ್ಲಿ ಮಲ್ಲನಗೌಡ ಕಟ್ಟಿಸಿದ ಕೆರೆಗೆ ನೀರು ಬರುವುದಿಲ್ಲ. ಕಿರಿಸೊಸೆ ಭಾಗೀರಥಿ ಆಹುತಿಯಾಗುತ್ತಾಳೆ. ಹಾಡಿದ ಹೆಂಗಸರು ಭಾಗೀರಥಿಗಾಗಿ ಮರುಗಿದ್ದರು. ಇಂದು ಕೂಲಿಯ ಆಳು ಸತ್ತಾಗ ಬಲಿಯ ಮಾತು ಎದ್ದರೆ ಆ ಮರುಕವೂ ಉಳಿಯುವುದಿಲ್ಲ, ಲೆಕ್ಕ ಮಾತ್ರ ಮುಗಿದುಹೋಗುತ್ತದೆ.

ಶಾಸ್ತ್ರ ಹೇಳುವುದು ಬೇರೆ. ಭಗವದ್ಗೀತೆಯ ಹದಿನೆಂಟನೆಯ ಅಧ್ಯಾಯ ಯಾವುದೇ ಕಾರ್ಯಕ್ಕೆ ಐದು ಕಾರಣಗಳನ್ನು ಎಣಿಸುತ್ತದೆ: ಅಧಿಷ್ಠಾನ, ಕರ್ತೃ, ಬಗೆಬಗೆಯ ಕರಣಗಳು, ಬೇರೆಬೇರೆ ಚೇಷ್ಟೆಗಳು, ಕೊನೆಗೆ ದೈವ. ಅಧಿಷ್ಠಾನವೆಂದರೆ ದೇಹ ಎಂದು ಭಾಷ್ಯಕಾರರು ಅರ್ಥ ಹೇಳುತ್ತಾರೆ. ಕಟ್ಟಡದ ಕೆಲಸಕ್ಕೆ ಅನ್ವಯಿಸುವಾಗ ಆ ದೇಹ ನಿಂತ ನೆಲವನ್ನೂ ಅದರೊಳಗೆ ಸೇರಿಸಿಕೊಳ್ಳಬಹುದು. ಜೋಯಿಡಾದ ಮಳೆ ಕುಡಿದ ಮಣ್ಣಿನಲ್ಲಿ ಆಳೆತ್ತರದ ಪಾಯ ತೋಡಿ, ತೆಗೆದ ಮಣ್ಣನ್ನು ಅಂಚಿನಲ್ಲೇ ಗುಡ್ಡೆ ಹಾಕಿದರೆ ಕೆಟ್ಟದ್ದು ಅಧಿಷ್ಠಾನ. ಬೆಳಗಿನಿಂದ ಬಿಸಿಲಲ್ಲಿ ದುಡಿದು ದಣಿದ ಗೌಂಡಿಯನ್ನು ಸಂಜೆಯ ಮಬ್ಬಿನಲ್ಲಿ ಮೇಲೆ ಹತ್ತಿಸಿದರೆ ಕೆಟ್ಟದ್ದು ಕರ್ತೃವಿನ ಸ್ಥಿತಿ. ಸವೆದ ಹಗ್ಗ, ಇಲ್ಲದ ಬೆಲ್ಟು, ನೀರಿನಲ್ಲಿ ಬಿದ್ದ ಸಿಪ್ಪೆ ಸುಲಿದ ವೈರು, ಇವೆಲ್ಲ ಕರಣಗಳು. ಸ್ಲ್ಯಾಬು ಇಂದೇ ಮುಗಿಯಬೇಕೆಂಬ ಧಾವಂತ ಚೇಷ್ಟೆ. ಈ ನಾಲ್ಕನ್ನೂ ಪರೀಕ್ಷಿಸಿದ ಮೇಲೆಯೇ ಐದನೆಯದರ ಹೆಸರು ಹೇಳಬೇಕು. ಪಾಯದ ಗುಂಡಿಯನ್ನು ಒಮ್ಮೆಯೂ ಇಣುಕಿ ನೋಡದೆ ದೈವವನ್ನು ಮುಂದೆ ಮಾಡುವುದು ಗೀತೆಯ ಕ್ರಮವನ್ನೇ ತಲೆಕೆಳಗು ಮಾಡಿದಂತೆ.

ಮುಂಡಗೋಡದಲ್ಲಿ 1966ರಲ್ಲಿ ಟಿಬೆಟನ್ನರ ವಸಾಹತು ನೆಲೆಗೊಂಡಿತು. ಗಾಂದೆನ್ ಮತ್ತು ದ್ರೆಪುಂಗ್ ಮಹಾಮಠಗಳು ಅಲ್ಲಿ ಮರುಜನ್ಮ ಪಡೆದವು. ಅಲ್ಲಿನ ಭಿಕ್ಷುಗಳು ಧರ್ಮಕೀರ್ತಿ, ಚಂದ್ರಕೀರ್ತಿಯರ ಗ್ರಂಥಗಳನ್ನು ಓದಿ, ಅಂಗಳದಲ್ಲಿ ಚಪ್ಪಾಳೆ ತಟ್ಟುತ್ತ ವಾದ ಮಾಡುತ್ತಾರೆ. ಹೇತು ಒಂದರಿಂದಲೇ ಫಲ ಹುಟ್ಟದು, ಪ್ರತ್ಯಯಗಳೂ, ಎಂದರೆ ಪೂರಕ ಸಂದರ್ಭಗಳೂ, ಕೂಡಿಬರಬೇಕು ಎಂಬುದು ಆ ವಿದ್ಯೆಯ ಬುನಾದಿ. ಬೌದ್ಧರು ಕರ್ಮವನ್ನು ನಿರಾಕರಿಸುವುದಿಲ್ಲ. ಆದರೆ ಕರ್ಮವೂ ಪಕ್ವವಾಗಲು ಸಂದರ್ಭ ಬೇಕು. ಬೇಲಿಯಿಲ್ಲದ ಮಹಡಿಯ ಅಂಚು ಅಂಥದೊಂದು ಸಂದರ್ಭ. ಪಾಲಿ ಪರಂಪರೆಯ ಸಂಯುತ್ತ ನಿಕಾಯ ಇನ್ನೂ ನೇರವಾಗಿದೆ. ಮನುಷ್ಯನ ನೋವೆಲ್ಲ ಹಿಂದಿನ ಕರ್ಮದ್ದೇ ಎನ್ನುವವರ ಬಗ್ಗೆ ಸೀವಕನೆಂಬ ಪರಿವ್ರಾಜಕ ಕೇಳಿದಾಗ, ಬುದ್ಧ ಆ ಮಾತು ತಪ್ಪೆನ್ನುತ್ತಾನೆ. ಪಿತ್ತ, ಕಫ, ವಾತ, ಅವುಗಳ ಕೂಟ, ಋತುವಿನ ಬದಲಾವಣೆ, ಎಚ್ಚರಗೇಡಿತನ, ಹೊರಗಿನಿಂದ ಬಿದ್ದ ಪೆಟ್ಟು ಎಂದು ಏಳು ಕಾರಣಗಳನ್ನು ಹೇಳಿದ ಮೇಲೆ ಎಂಟನೆಯದಾಗಿ ಕರ್ಮವಿಪಾಕವನ್ನು ಹೇಳುತ್ತಾನೆ. ಗೀತೆಯಲ್ಲಿ ದೈವಕ್ಕೆ, ಇಲ್ಲಿ ಕರ್ಮಕ್ಕೆ, ಎರಡು ಕಡೆಯೂ ಕೊನೆಯ ಸ್ಥಾನ.

ಈ ಸೀಮೆಯ ಸಿದ್ದಿ ಜನರಲ್ಲಿ ಹಿಂದೂಗಳೂ ಮುಸ್ಲಿಮರೂ ಕ್ರೈಸ್ತರೂ ಇದ್ದಾರೆ. ಕ್ರೈಸ್ತ, ಮುಸ್ಲಿಂ ಪರಂಪರೆಗಳಲ್ಲೂ ಇದೇ ಎಚ್ಚರದ ಮಾತಿದೆ. ಬೈಬಲ್ಲಿನ ಧರ್ಮೋಪದೇಶಕಾಂಡದ 22ನೆಯ ಅಧ್ಯಾಯ ಹೊಸ ಮನೆಯ ಮಾಳಿಗೆಗೆ ಸುತ್ತಲೂ ಕಟ್ಟೆ ಕಟ್ಟಿಸಬೇಕೆನ್ನುತ್ತದೆ. ಇಲ್ಲದಿದ್ದರೆ ಬಿದ್ದವನ ರಕ್ತದ ಅಪರಾಧ ಆ ಮನೆಯ ಮೇಲೆ. ಒಂಟೆಯನ್ನು ಮೊದಲು ಕಟ್ಟು, ಆಮೇಲೆ ಅಲ್ಲಾಹನಲ್ಲಿ ಭರವಸೆ ಇಡು ಎಂಬ ಅರ್ಥದ ಹದೀಸ್ ಪ್ರಸಿದ್ಧವಾಗಿದೆ. ದಾರಿಯಿಂದ ತೊಡಕನ್ನು ತೆಗೆಯುವುದನ್ನೂ ಪ್ರವಾದಿಯವರು ಈಮಾನಿನ ಒಂದು ಭಾಗವೆಂದೇ ಎಣಿಸಿದರು.

ಇಷ್ಟೆಲ್ಲ ಇದ್ದೂ ಹಣೆಬರಹದ ಮಾತು ಉಳಿದಿರುವುದಕ್ಕೆ ಕಾರಣ ಧರ್ಮದಲ್ಲಿಲ್ಲ. 1994ರ ಮೇ 13ರಂದು, ಜೋಯಿಡಾದಿಂದ ಹರಿದುಬರುವ ಕಾಳಿಯ ದಡದ ಕೈಗಾದಲ್ಲಿ, ಕಟ್ಟುತ್ತಿದ್ದ ಅಣುಸ್ಥಾವರದ ಒಳಗುಮ್ಮಟದಿಂದ ನೂರು ಟನ್ನಿಗೂ ಹೆಚ್ಚು ಕಾಂಕ್ರೀಟು ಕಳಚಿ ಬಿತ್ತು. ಕಾರ್ಮಿಕರು ಗಾಯಗೊಂಡರು. ಆಗ ದೈವದ ಕಡೆ ಕೈ ತೋರಿಸಿ ಸುಮ್ಮನಾಗಲಿಲ್ಲ. ತನಿಖೆ ನಡೆದು, ವಿನ್ಯಾಸದ ದೋಷ ಬಯಲಾಗಿ, ಗುಮ್ಮಟವನ್ನು ಬೇರೆ ರೀತಿಯಲ್ಲಿ ಮತ್ತೆ ಕಟ್ಟಲಾಯಿತು. ಹಳಿಯಾಳದ ನೆರೆಯ ಧಾರವಾಡದಲ್ಲಿ 2019ರ ಮಾರ್ಚ್ 19ರಂದು ಕುಮಾರೇಶ್ವರ ನಗರದ ಅರೆಕಟ್ಟಿದ ಕಟ್ಟಡ ಕುಸಿದು 19 ಜನ ಸತ್ತಾಗಲೂ ಮಾಲೀಕರ ಮೇಲೆ ಮೊಕದ್ದಮೆ ಹೂಡಲಾಯಿತು. ಒಬ್ಬನೇ ಆಳು, ಒಂದೇ ಮನೆ, ಸಣ್ಣ ಊರು ಆದಾಗ ಮಾತ್ರ ಕಾರಣ ಹುಡುಕುವವರಿರುವುದಿಲ್ಲ. ಸತ್ತವನ ಬೆಲೆ ಕಡಿಮೆಯೆಂದು ತೀರ್ಮಾನಿಸಿದ ಮೇಲೆ ವಿಧಿಯ ಹೆಸರು ಬರುತ್ತದೆ.

ಅಪಾಯ ಮೊದಲು ಕಣ್ಣಿಗೆ ಬೀಳುವುದು ಸಾಮಾನ್ಯವಾಗಿ ಕೆಳಗಿನವರಿಗೇ. ಹಲಗೆ ಅಲುಗುವುದು ಅದರ ಮೇಲೆ ನಿಂತ ಹೆಂಗಸಿಗೆ ಗೊತ್ತಾಗುತ್ತದೆ. ಹೇಳಿದರೆ ನಾಳೆಯ ಕೂಲಿ ಹೋದೀತೆಂಬ ಅಂಜಿಕೆ ಅವಳದು. ಆದ್ದರಿಂದ ಕಂಡವರೆಲ್ಲರ ಹೊಣೆ ಒಂದೇ ತೂಕದ್ದಲ್ಲ. ಕೆಲಸ ನಿಲ್ಲಿಸುವ ಅಧಿಕಾರ ಯಾರಿಗೆ ಹೆಚ್ಚೋ ಅವರಿಗೆ ಹೊಣೆಯೂ ಹೆಚ್ಚು: ಮೊದಲು ಮಾಲೀಕ, ಗುತ್ತಿಗೆದಾರ, ಎಂಜಿನಿಯರು, ಆಮೇಲೆ ಮೇಸ್ತ್ರಿ. 1996ರ ಕಟ್ಟಡ ಕಾರ್ಮಿಕರ ಕಾಯ್ದೆ ಹತ್ತು ಲಕ್ಷ ರೂಪಾಯಿ ಮೀರದ ಸ್ವಂತ ಮನೆಯ ಕೆಲಸವನ್ನು ತನ್ನ ವ್ಯಾಪ್ತಿಯಿಂದ ಬಿಟ್ಟಿತ್ತು. ಕಾನೂನು ಬಿಟ್ಟ ಆ ಜಾಗದಲ್ಲಿ ಮಾಲೀಕನ ಧರ್ಮಬುದ್ಧಿಯೊಂದೇ ಕಾವಲು.

ಪೂಜೆ ಮತ್ತು ಎಚ್ಚರ ಎದುರುಬದುರು ನಿಲ್ಲುವುದು ಹೆಚ್ಚಾಗಿ ಮುಹೂರ್ತದ ವಿಷಯದಲ್ಲಿ. ಗೃಹಪ್ರವೇಶದ ದಿನ ಹತ್ತಿರವಾಯಿತೆಂದು ಸೆಂಟ್ರಿಂಗಿನ ಕಂಬಗಳನ್ನು ಬೇಗ ಕೀಳುವ ಆತುರ ಹುಟ್ಟುತ್ತದೆ. ಸಾಮಾನ್ಯ ಸಿಮೆಂಟಿನ ಸ್ಲ್ಯಾಬಿಗೆ ಭಾರತೀಯ ಮಾನಕ ನಿಗದಿ ಮಾಡಿರುವ ಅವಧಿ, ನಾಲ್ಕೂವರೆ ಮೀಟರ್ ಅಗಲದವರೆಗೆ ಕನಿಷ್ಠ 7 ದಿನ, ಅದಕ್ಕೂ ಹೆಚ್ಚಿದ್ದರೆ 14 ದಿನ. ಪಂಚಾಂಗದಲ್ಲಿ ಇನ್ನೊಂದು ಒಳ್ಳೆಯ ದಿನ ಸಿಕ್ಕೇ ಸಿಗುತ್ತದೆ. ಮುಹೂರ್ತ ಕೇಳಿಕೊಂಡು ಬಂದವರನ್ನು ಪುರೋಹಿತರು ಮೊದಲು ಒಂದು ಮಾತು ಕೇಳಲಿ: ಸ್ಲ್ಯಾಬು ಹಾಕಿದ್ದು ಯಾವತ್ತು, ಕಂಬ ತೆಗೆಯಲು ಎಂಜಿನಿಯರು ಒಪ್ಪಿದ್ದಾರೆಯೇ?